ಹೋಗಿ ಬರುತ್ತೇನೆ

ನಮ್ಮಲ್ಲಿ ಮನೆಯಿಂದ ಹೊರಡುವವರು 'ಹೋಗುತ್ತೇನೆ' ಎನ್ನುವುದಿಲ್ಲ. 'ಹೋಗಿ ಬರುತ್ತೇನೆ' ಎನ್ನುತ್ತಾರೆ. ಬಾಯಿತಪ್ಪಿ ಮೊದಲಿನದನ್ನು ಅಂದರೆ ಹಿರಿಯರು ಒಡನೆ ತಿದ್ದುತ್ತಾರೆ. ಇದು ಅಪಶಕುನಕ್ಕೆ ಹೆದರಿದವರ ರೂಢಿಯೆಂದು ನಾನು ಬಹುಕಾಲ ತಿಳಿದಿದ್ದೆ. ತರಗತಿಯಲ್ಲಿ ಹಾಗೆಯೇ ಹೇಳಿಯೂ ಇದ್ದೇನೆ. ಕಳೆದ ತಿಂಗಳು ಒಂದು ಸಮುದ್ರಯಾನದ ಯೋಜನೆ ಹಾಕಲು ಕುಳಿತಾಗ, ಆ ಮಾತಿನಲ್ಲಿ ಹೆದರಿಕೆಗಿಂತ ಹೆಚ್ಚಿನದೇನೋ ಇದೆಯೆಂದು ಹೊಳೆಯಿತು.

ಯೋಜನೆ ನನ್ನದಲ್ಲ, ಅಕ್ಕನ ಮಗನದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಈ ಹುಡುಗನಿಗೆ ಕಯಾಕಿನ ಹುಚ್ಚು. ಕಾಲು ಚಾಚಿ ಕುಳಿತು, ಎರಡು ತುದಿಗೂ ಹಲಗೆಯಿರುವ ಹುಟ್ಟಿನಿಂದ ನಡೆಸುವ ಕಿರುದೋಣಿ ಅದು. ಉತ್ತರಧ್ರುವದ ಕಡೆಯ ಇನುಯಿಟ್ ಜನ ಸೀಲಿನ ಚರ್ಮ ಹೊದಿಸಿ ಬೇಟೆಗೆಂದು ಮಾಡಿಕೊಂಡದ್ದು, ಈಗ ಪ್ಲಾಸ್ಟಿಕ್ಕಿನಲ್ಲಿ ವಿನೋದಕ್ಕೆ ಒದಗಿದೆ. ಕಾರವಾರದಿಂದ ಹೊರಟು, ಕಾಳಿ ನದಿಯ ಅಳಿವೆಯ ಎದುರಿಗಿರುವ ಕೂರ್ಮಗಡ ದ್ವೀಪಕ್ಕೆ ಹೋಗಿ, ಒಂದು ರಾತ್ರಿ ಡೇರೆಯಲ್ಲಿ ಕಳೆದು ಬರಬೇಕೆಂಬುದು ಅವನ ಆಸೆ. "ಮಾವ, ನಿಮಗೆ ಆ ನೀರಿನ ಪರಿಚಯ ಇದೆ" ಎಂದು ನನ್ನನ್ನೂ ಎಳೆದ.

ಒಂದು ಹಾಳೆ ತೆಗೆದುಕೊಂಡು ಕುಳಿತೆವು. ಮಳೆಗಾಲ ಬೇಡ; ಜನವರಿ ಆಗಬಹುದು. ತಿಥಿಗೆ ಪಂಚಾಂಗ ನೋಡಿದೆವು: ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವಿಳಿತ ಜೋರು, ಅಷ್ಟಮಿಯ ಹೊತ್ತಿಗೆ ಸೌಮ್ಯ. ಆದ್ದರಿಂದ ಅಷ್ಟಮಿಯೇ ನಮ್ಮ ಮುಹೂರ್ತ. ಮಧ್ಯಾಹ್ನ ನೆಲ ಕಾದು ಕಡಲಗಾಳಿ ಏಳುತ್ತದೆ. ಆದ್ದರಿಂದ ಹೋಗುವುದೂ ಬರುವುದೂ ಬೆಳಗಿನಲ್ಲೇ. ಕುಡಿಯುವ ನೀರು ತಲೆಗೆ ದಿನಕ್ಕೆ 4 ಲೀಟರ್. ಜೀವರಕ್ಷಕ ಅಂಗಿ, ಸೀಟಿ, ಟಾರ್ಚು. ದ್ವೀಪದಲ್ಲಿ ತಂಗಲು ಅನುಮತಿ. ಕದಂಬ ನೌಕಾನೆಲೆಯ ಕಡೆಯ ನೀರು ನಮಗೆ ನಿಷಿದ್ಧ. ಎಲ್ಲವನ್ನೂ ಹುಡುಗ ಅಚ್ಚುಕಟ್ಟಾಗಿ ಬರೆದ. 'ಯಾರಿಗೆ ತಿಳಿಸಿ ಹೋಗುವುದು' ಎಂಬ ಕಡೆಯ ಸಾಲನ್ನು ಮಾತ್ರ ಖಾಲಿ ಬಿಟ್ಟ.

"ಅಮ್ಮನಿಗೆ ಹೇಳಿದರೆ ಬಿಡೋದಿಲ್ಲ" ಎಂದ. ಅದು ನಿಜವೇ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡದ್ದನ್ನು ಅಕ್ಕ ಮರೆತಿಲ್ಲ. "ಸುಮ್ಮನೆ ಅವಳಿಗೇಕೆ ಚಿಂತೆ? ಪ್ರಾಣ ನಮ್ಮದು. ಹುಡುಕಿ ಎಂದು ನಾವು ಯಾರನ್ನೂ ಕೇಳುತ್ತಿಲ್ಲವಲ್ಲ!"

ಈ ತರ್ಕ ನನಗೆ ಹೊಸದಲ್ಲ. ಇಪ್ಪತ್ತು ವರ್ಷದ ಹಿಂದೆ, ಕಾರವಾರದಲ್ಲಿ ಹೊಸದಾಗಿ ಅಧ್ಯಾಪಕನಾಗಿದ್ದಾಗ, ನಾನೂ ಇಬ್ಬರು ಗೆಳೆಯರೂ ಒಂದು ಸಣ್ಣ ದೋಣಿ ಪಡೆದು ಇದೇ ದ್ವೀಪಕ್ಕೆ ಹೋಗಿದ್ದೆವು. ಯಾರಿಗೂ ಹೇಳಿರಲಿಲ್ಲ. ಸಂಜೆಗೆ ಗಾಳಿಯೆದ್ದು ಮರಳಲಾಗಲಿಲ್ಲ. ಬಂಡೆಯ ಮರೆಯಲ್ಲಿ ಮಲಗಿ, ಬೆಳಿಗ್ಗೆ ಉಳಿದ ಅವಲಕ್ಕಿ ತಿನ್ನುತ್ತ ಹರಟುತ್ತಿದ್ದೆವು. ಆಗ ಮೀನುಗಾರರ ಮೂರು ದೋಣಿಗಳು ಬಂದವು. ದೀಪ ಹಚ್ಚುವ ಹೊತ್ತಾದರೂ ನಮ್ಮ ಬಾಗಿಲ ಬೀಗ ತೆರೆಯದ್ದನ್ನು ಕಂಡು ಮನೆಯ ಯಜಮಾನಿತಿ ಅವರಲ್ಲಿ ಹೇಳಿಕೊಂಡಿದ್ದರಂತೆ. ರಾತ್ರಿಯೆಲ್ಲ ಅವರು ಎಲ್ಲೆಂದು ತಿಳಿಯದೆ, ಆ ಗಾಳಿಯಲ್ಲಿ ನಮ್ಮನ್ನು ಅರಸಿದ್ದರು; ಆ ರಾತ್ರಿ ಬಲೆ ಬೀಸಿರಲಿಲ್ಲ. ನಾಚಿ ಹಣ ಕೊಡಹೋದೆವು. ಅವರಲ್ಲಿ ಹಿರಿಯನು ಕೈಯಲ್ಲೇ ತಡೆದು, "ದುಡ್ಡು ಬೇಡ ಮಾಸ್ತರೇ, ಹೇಳಿ ಹೋಗಬೇಕಿತ್ತು" ಎಂದಷ್ಟೇ ಅಂದ.

ಹುಡುಗನಿಗೆ ಇದನ್ನು ಹೇಳಿದೆ. ನಾವು ಕೇಳದಿದ್ದರೂ ಹುಡುಕುವವರು ಬಂದೇ ಬರುತ್ತಾರೆ. ಕಷ್ಟದಲ್ಲಿರುವವರ ನೆರವಿಗೆ ಹೋಗಬೇಕೆಂಬುದು ಹಡಗುಗಳಿಗೆ ಅಂತಾರಾಷ್ಟ್ರೀಯ ಕಾನೂನು. ಮೀನುಗಾರನಿಗೆ ಅದು ಕಾನೂನಿಗಿಂತ ಹಳೆಯ ಮಾತು. ಆದ್ದರಿಂದ 'ನನ್ನ ಪ್ರಾಣ ನನ್ನದು' ಎಂಬುದು ನೀರಿನ ಮೇಲೆ ಪೂರ್ತಿ ನಿಜವಾಗುವುದಿಲ್ಲ. ನಾನು ಒಡ್ಡಿದ ಅಪಾಯ ಅವನಿಗೂ ಅಂಟಿಕೊಳ್ಳುತ್ತದೆ. ಅವನು ಹೊಟ್ಟೆಪಾಡಿಗೆ ಕಡಲಿಗಿಳಿದವನು, ನಾನು ವಿನೋದಕ್ಕೆ.

ಹಾಗಾದರೆ ಯಾರೂ ವಿನೋದಕ್ಕೆ ಕಡಲಿಗೆ ಇಳಿಯಬಾರದೇ? ಹಾಗೆನ್ನಲಾರೆ. ಬೆಳಗಿನ ಹೊತ್ತು ನೀರಿನ ಮಟ್ಟದಲ್ಲೇ ಕುಳಿತು ದ್ವೀಪವೊಂದು ಹತ್ತಿರವಾಗುವುದನ್ನು ನೋಡುವ ಸಂತೋಷ ಕಡಮೆಯದಲ್ಲ. ಆದರೆ ಆ ಸಂತೋಷದ ಬೆಲೆಯನ್ನು ಆದಷ್ಟೂ ನಾವೇ ತೆರಬೇಕು. ಯೋಜನೆಯೆಂದರೆ ಅದೇ.

ಅಕ್ಕನ ಮಾತೇನು? ಹೇಳದೆ ಹೋದರೆ ಅವಳ ಚಿಂತೆ ತಪ್ಪುವುದಿಲ್ಲ. ತಡವಾಗಿ, ಒಟ್ಟಿಗೆ ಬರುತ್ತದೆ. ಆ ಚಿಂತೆಯಿಂದ ಏನಾದರೂ ಮಾಡುವ ಅಧಿಕಾರವನ್ನು ಮಾತ್ರ ನಾವು ಅವಳಿಂದ ಕಸಿದುಕೊಂಡಿರುತ್ತೇವೆ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಅಲ್ಲಿಗೆ ಬಂದ ತರುಣ ರವೀಂದ್ರನಾಥ ಠಾಕೂರರು 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಆ ಊರಿನಲ್ಲೇ. ನಂಟನ್ನೆಲ್ಲ ಕಡಿದುಕೊಂಡು ಗೆದ್ದೆನೆಂದು ಬೀಗಿದ ಸಂನ್ಯಾಸಿಯನ್ನು ಒಬ್ಬ ಅನಾಥ ಹುಡುಗಿಯ ಪ್ರೀತಿ ಅದರಲ್ಲಿ ಮತ್ತೆ ಲೋಕಕ್ಕೆ ಎಳೆಯುತ್ತದೆ. ಸಂನ್ಯಾಸಿಗೇ ಸಾಧ್ಯವಾಗದ್ದು ಎರಡು ದಿನದ ರಜೆ ಹಾಕಿ ಹೋಗುವ ನಮಗೆ ಸಾಧ್ಯವಾದೀತೇ?

ಕೊನೆಗೆ ಹಾಳೆ ಅಕ್ಕನ ಕೈಗೆ ಹೋಯಿತು. ಹೊರಡುವ ವೇಳೆ, ದಾರಿ, ತಂಗುವ ಜಾಗ, ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆ, 'ಮರುದಿನ ಹನ್ನೆರಡು ಗಂಟೆಗೆ ಸುದ್ದಿ ಬಾರದಿದ್ದರೆ ಕರೆ ಮಾಡುವುದು', ಎಲ್ಲವನ್ನೂ ಅವಳು ಮೌನವಾಗಿ ಓದಿದಳು. ಬೈಗುಳಕ್ಕೆ ನಾವು ಸಿದ್ಧರಾಗಿದ್ದೆವು. ಅವಳು ಪೆನ್ನು ಕೇಳಿದಳು.

"ಮಧ್ಯಾಹ್ನ ಗಾಳಿ ಏಳುತ್ತದೆ ಎಂದು ನೀವೇ ಬರೆದಿದ್ದೀರಿ. ಹನ್ನೆರಡರವರೆಗೆ ನಾನೇಕೆ ಕಾಯಬೇಕು?" ಎಂದು, ಅದನ್ನು ಹೊಡೆದು ಹತ್ತು ಎಂದು ಬರೆದಳು. ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ.

ಅಷ್ಟಮಿ ಇನ್ನೂ ದೂರವಿದೆ. ಅಂದು ಗಾಳಿಯಿದ್ದರೆ ನಾವು ಹೊರಡುವುದಿಲ್ಲ, ಅದೂ ಹಾಳೆಯಲ್ಲಿದೆ. ಹೊರಟರೆ, ಅಕ್ಕನಿಗೆ ಹೇಳುವ ಆ ಹಳೆಯ ಮಾತನ್ನು ಈ ಸಲ ಅರ್ಥ ತಿಳಿದು ಹೇಳುತ್ತೇನೆ.