ತಂಪಾಯಿತು ಎಂದರೆ

ನಮ್ಮ ಮನೆಯ ಕಂಪ್ಯೂಟರು ಮಿತಿಮೀರಿ ಬಿಸಿಯಾಗುತ್ತಿದೆ ಎಂಬುದನ್ನು ಮೊದಲು ಕಂಡುಕೊಂಡದ್ದು ನಾನಲ್ಲ, ಬೆಕ್ಕು. ಮಾಗಿಯ ಚಳಿ ಬಿದ್ದ ಮೇಲೆ ಅದು ಒಲೆಯ ಬದಿಯನ್ನು ಬಿಟ್ಟು, ಕಂಪ್ಯೂಟರನ್ನು ಇಟ್ಟಿದ್ದ ಮರದ ಗೂಡಿನ ನೆತ್ತಿಯ ಮೇಲೆ ಮಲಗತೊಡಗಿತು. ಆಮೇಲೆ ಕಂಡುಕೊಂಡವಳು ಅವ್ವ. ಅವಳ ಮಂಚ ಆ ಗೂಡಿಗೆ ತಾಗಿದಂತಿತ್ತು. ನಾನು ಕೆಲಸ ಮುಗಿಸಿ ಏಳುವಾಗ, "ಆರಿಸ್‌ಬ್ಯಾಡ ಕನಪ್ಪ, ಇನ್ನೊಸಿ ಹೊತ್ತು ಇರ್ಲಿ ಬುಡು, ಬೆಚ್ಚಗದೆ" ಎನ್ನುತ್ತಿದ್ದಳು. ನಾನು ನಕ್ಕು ಆರಿಸುತ್ತಿದ್ದೆ. ಇಬ್ಬರೂ ನನಗೆ ಒಂದು ದೋಷವನ್ನು ತೋರಿಸಿಕೊಡುತ್ತಿದ್ದಾರೆ ಎಂದು ಆಗ ಹೊಳೆಯಲಿಲ್ಲ. ದೋಷವು ಸುಖದ ವೇಷದಲ್ಲಿ ಬಂದರೆ ಅದನ್ನು ಗುರುತಿಸುವುದು ಕಷ್ಟ.

ಹೊಳೆಯದಿರಲು ಇನ್ನೊಂದು ಕಾರಣವಿತ್ತು. ನಾವು ತಾಳವಾಡಿಯವರು ಸೆಕೆ ಎಂಬುದನ್ನು ಬೆಟ್ಟದ ಕೆಳಗಿನವರ ಕಷ್ಟವೆಂದೇ ತಿಳಿದವರು. ಕಾಗದದ ಮೇಲೆ ನಮ್ಮದು ಈರೋಡು ಜಿಲ್ಲೆ, ಆದರೆ ಸತ್ಯಮಂಗಲದಲ್ಲಿ ಬೆವರಿದವರು ದಿಂಬಂನ 27 ತಿರುವುಗಳನ್ನು ಹತ್ತಿ ಹಾಸನೂರಿನ ಗಾಳಿ ಮುಖಕ್ಕೆ ಬಡಿದಾಗ ಬಿಡುವ ಉಸಿರೇ ಬೇರೆ. ಇಂಥ ಊರಿನಲ್ಲಿ ಒಂದು ಯಂತ್ರ ಬಿಸಿಯಾಗಿ ಸೋಲುತ್ತದೆ ಎಂದರೆ ಅದನ್ನು ನಂಬಲು ಮನಸ್ಸು ಒಪ್ಪಲಿಲ್ಲ.

ನಾನು ಕನ್ನಡ ಶಾಲೆಯ ಮೇಷ್ಟ್ರು. ಬಿಡುವಿನ ರಾತ್ರಿಗಳಲ್ಲಿ ನಮ್ಮ ಸೀಮೆಯ ಹಬ್ಬ, ಹಾಡು, ಕಸುಬುಗಳ ವೀಡಿಯೊ ಹಿಡಿದು, ಕತ್ತರಿಸಿ, ಜೋಡಿಸಿ ಮಕ್ಕಳಿಗೆ ತೋರಿಸುವುದು ನನ್ನ ಹವ್ಯಾಸ. ಆ ವರ್ಷ ದೀಪಾವಳಿಯ ಬೆನ್ನಿಗೆ ಗುಮಟಾಪುರದಲ್ಲಿ ನಡೆದ ಗೊರೆ ಹಬ್ಬವನ್ನು ಚಿತ್ರಿಸಿಕೊಂಡಿದ್ದೆ. ಗಂಡಸರು ಸಗಣಿಯ ಉಂಡೆ ಮಾಡಿ ಒಬ್ಬರಿಗೊಬ್ಬರು ಎಸೆದು ನಗುವ ಆ ದೃಶ್ಯಗಳನ್ನು ಜೋಡಿಸುತ್ತಿರುವಾಗ ಪರದೆ ಥಟ್ಟನೆ ಕಪ್ಪಾಯಿತು. ಮರುದಿನವೂ ಹಾಗೇ ಆಯಿತು. ಉಷ್ಣತೆ ತೋರಿಸುವ ತಂತ್ರಾಂಶ ಹಾಕಿ ನೋಡಿದರೆ ತಪ್ಪಿತಸ್ಥ ಸಿಕ್ಕಿತು: ಗ್ರಾಫಿಕ್ಸ್ ಕಾರ್ಡ್. 83 ಡಿಗ್ರಿ ಮುಟ್ಟಿದೊಡನೆ ತಾನೇ ವೇಗ ತಗ್ಗಿಸಿಕೊಳ್ಳುವಂತೆ ಅದನ್ನು ಮಾಡಿರುತ್ತಾರೆ. ನಮ್ಮದು ತಗ್ಗಿಸಿಕೊಂಡೂ 90 ದಾಟುತ್ತಿತ್ತು. ಅದು ಪೂರ್ತಿ ದುಡಿಯುವಾಗ ನುಂಗುವ ವಿದ್ಯುತ್ತು 120 ವಾಟ್, ಅಷ್ಟೂ ಹೆಚ್ಚುಕಡಿಮೆ ಬಿಸಿಯಾಗಿಯೇ ಹೊರಬರುತ್ತದೆ. ಕೋಳಿಮರಿಗಳನ್ನು ಬೆಚ್ಚಗಿಡಲು 60 ವಾಟಿನ ಬಲ್ಬು ಹಚ್ಚುತ್ತಿದ್ದೆವಲ್ಲ, ಅಂಥ ಎರಡನ್ನು ಒಂದು ತಗಡಿನ ಪೆಟ್ಟಿಗೆಯೊಳಗೆ ಹೊತ್ತಿಸಿಟ್ಟ ಹಾಗೆ.

ಆಗ ನಾನು ಮಾಡಿದ ಮೊದಲ ಕೆಲಸವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಕಾರಣ ಹುಡುಕುವ ಮೊದಲೇ ಕಾರಣರಾದವರನ್ನು ಹುಡುಕಿದೆ. ನಮ್ಮ ಹೊಲದ ಕೆಂಪು ಧೂಳನ್ನು ದೂರಿದೆ, ಏರಿಳಿಯುವ ಕರೆಂಟನ್ನು ದೂರಿದೆ, ರಜೆಗೆ ಬಂದಾಗ ಆಟವಾಡುವ ಮಗನನ್ನು ದೂರಿದೆ. ಬಳಸಿದ ಕಾರ್ಡನ್ನು ನನಗೆ ಮಾರಿದ ಅಂಗಡಿಯ ಹುಡುಗನನ್ನಂತೂ ಮನಸ್ಸಿನಲ್ಲೇ ಕಟಕಟೆಗೆ ಹತ್ತಿಸಿದೆ. ಪಟ್ಟಿ ಉದ್ದವಾಗಿತ್ತು, ಅದರಲ್ಲಿ ನನ್ನ ಹೆಸರು ಮಾತ್ರ ಇರಲಿಲ್ಲ.

ಒಂದು ಭಾನುವಾರ ಕುಳಿತು ದುರಸ್ತಿ ಮಾಡಿದೆ. ಕಾರ್ಡನ್ನು ಬಿಚ್ಚಿ, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು, ಬಣ್ಣದ ಕುಂಚದಿಂದ ಅದರ ರೆಕ್ಕೆಗಳ ಧೂಳು ತೆಗೆದೆ. ಫ್ಯಾನಿಗೂ ಅಲ್ಯೂಮಿನಿಯಂ ಪದರಗಳಿಗೂ ನಡುವೆ ಧೂಳು ಕಂಬಳಿಯ ಚೂರಿನಂತೆ ಹೆಣೆದುಕೊಂಡಿತ್ತು. ಸ್ಪ್ರಿಂಗು ಕೂತ ನಾಲ್ಕು ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ ಹೀಟ್ ಸಿಂಕನ್ನು ಎತ್ತಿದಾಗ, ಚಿಪ್ಪಿನ ಮೇಲಿನ ಪೇಸ್ಟು ಹಳೆಯ ಗೋಡೆಯ ಸುಣ್ಣದ ಹಾಗೆ ಒಣಗಿ ಹಕ್ಕಳೆ ಕಟ್ಟಿತ್ತು. ಅದನ್ನು ಒರೆಸಿ, ಚಾಮರಾಜನಗರದಿಂದ ತಂದ ಹೊಸ ಪೇಸ್ಟನ್ನು ಕಡಲೆಕಾಳಿನಷ್ಟು ಇಟ್ಟು ಮುಚ್ಚಿದೆ. ಸಾಲದೆಂದು ಕ್ಯಾಬಿನೆಟ್ಟಿಗೆ ಇನ್ನೊಂದು ಫ್ಯಾನು ಕೂರಿಸಿದೆ. ಸಂಜೆ ನೋಡಿದರೆ ಉಷ್ಣತೆ 78ಕ್ಕೆ ಇಳಿದಿತ್ತು. ಪೇಸ್ಟಿನ ಮಹಿಮೆಯನ್ನು ನಾಲ್ಕು ಜನರಿಗೆ ಬಣ್ಣಿಸಿದೆ.

ಎರಡು ವಾರ ಕಳೆದು ಅದು ಮತ್ತೆ 88ಕ್ಕೆ ಬಂತು. ಊರಾಚೆ ಓದುತ್ತಿರುವ ಮಗನಿಗೆ ಫೋನಿನಲ್ಲಿ ಗೋಳು ಹೇಳಿಕೊಂಡೆ. ಅವನು ಎಲ್ಲ ಕೇಳಿ, "ಅಪ್ಪಾ, ನೀನು ರಿಪೇರಿ ಮಾಡಿದ ವಾರ ಅಲ್ಲಿ ಮಳೆ ಆಗಿತ್ತಲ್ವಾ?" ಎಂದ. ಆಗಿತ್ತು. ಬೇಸಿಗೆಯ ಮೊದಲ ಮಳೆ ಬಿದ್ದು ಮನೆಯೆಲ್ಲ ತಣ್ಣಗಾಗಿತ್ತು. ಕೋಣೆಯ ಗಾಳಿ ಐದು ಡಿಗ್ರಿ ತಣ್ಣಗಾದರೆ ಕಾರ್ಡೂ ಸುಮಾರು ಅಷ್ಟೇ ತಣ್ಣಗಾಗುತ್ತದೆ. "ಮೂರು ಕೆಲಸ ಒಟ್ಟಿಗೆ ಮಾಡಿದ್ರೆ ಯಾವುದರಿಂದ ಏನಾಯ್ತು ಅಂತ ಹೆಂಗೆ ಗೊತ್ತಾಗ್ತದೆ? ಒಂದು ಸಲಕ್ಕೆ ಒಂದನ್ನೇ ಬದಲಿಸು" ಎಂದು ಅವನು ಹೇಳಿದಾಗ, ಇಪ್ಪತ್ತು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವ ನಾನು ಸುಮ್ಮನಾದೆ.

ಈ ಮಾತು ಯಂತ್ರವನ್ನು ಬಿಟ್ಟು ಬೇರೆ ಕಡೆ ನನ್ನನ್ನು ಕಾಡಿತು. ಓದಲು ಬಾರದೆ ಹಿಂದುಳಿದಿದ್ದ ಒಬ್ಬ ಹುಡುಗನನ್ನು ನಾನು ಓದುವಂತೆ ಮಾಡಿದೆನೆಂದು ಹಲವು ಸಲ ಹೇಳಿಕೊಂಡಿದ್ದೇನೆ. ಆ ವರ್ಷ ಅವನಿಗೆ ಕನ್ನಡಕ ಬಂದಿತ್ತು, ಅವನನ್ನು ಮುಂದಿನ ಸಾಲಿಗೆ ಕೂರಿಸಿದ್ದೆವು, ಕುಡಿಯುತ್ತಿದ್ದ ಅವನ ತಂದೆ ಕೆಲಸಕ್ಕೆಂದು ತಿರುಪ್ಪೂರಿಗೆ ಹೋಗಿದ್ದ, ಮತ್ತು ನಾನು ಅವನಿಗೆ ದಿನಾ ಅರ್ಧ ಗಂಟೆ ಪಾಠ ಹೇಳುತ್ತಿದ್ದೆ. ನಾಲ್ಕರಲ್ಲಿ ಮೂರನ್ನು ಮರೆತು ನಾಲ್ಕನೆಯದನ್ನು ಕಥೆ ಮಾಡಿದವನು ನಾನು. ಮಕ್ಕಳ ಬದುಕಿನಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲ ಕಾಯುತ್ತಾ ಕೂರಲಾಗದು, ನಿಜ. ಕನ್ನಡಕ ಬೇಕಾದ ಹುಡುಗನಿಗೆ ಪರೀಕ್ಷೆಗೆಂದು ಕನ್ನಡಕ ತಡೆಹಿಡಿಯುವುದು ಪಾಪ. ಎಲ್ಲವನ್ನೂ ಒಟ್ಟಿಗೇ ಮಾಡಬೇಕು. ಆದರೆ ಒಟ್ಟಿಗೇ ಮಾಡಿದವನಿಗೆ ಇದು ನನ್ನಿಂದಲೇ ಆಯಿತು ಎನ್ನುವ ಹಕ್ಕು ಉಳಿಯುವುದಿಲ್ಲ.

ಮಗನ ಮಾತಿನಂತೆ ಈ ಸಲ ಒಂದೇ ಒಂದು ಕೆಲಸ ಮಾಡಿದೆ. ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗೆಳೆದು ನೆಲದ ಮೇಲಿಟ್ಟು, ಅದೇ ಹಬ್ಬದ ವೀಡಿಯೊ ಓಡಿಸಿದೆ. ಅರ್ಧ ಗಂಟೆಯ ಮೇಲೂ 74 ದಾಟಲಿಲ್ಲ. ಮತ್ತೆ ಗೂಡಿಗೆ ತಳ್ಳಿ ಬಾಗಿಲು ಹಾಕಿದೆ, 88. ಮತ್ತೆ ಹೊರಗೆ ತಂದೆ, 74. ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ಆ ಗೂಡು ನಾನೇ ಮಾಡಿಸಿದ್ದು. ಧೂಳು ಬೀಳಬಾರದು, ಇಲಿ ತಂತಿ ಕಡಿಯಬಾರದು, ಹಲ್ಲಿ ಒಳಗೆ ಹೋಗಬಾರದು ಎಂದು ಆಚಾರರಿಗೆ ಹೇಳಿ, ಹಲಸಿನ ಹಲಗೆಯಲ್ಲಿ ಬಾಗಿಲಿಟ್ಟು, ತಂತಿಗಳಿಗಷ್ಟೇ ಒಂದು ತೂತು ಬಿಡಿಸಿ, ಸಂತೋಷಪಟ್ಟಿದ್ದೆ. ಅದರೊಳಗೆ ಕಾರ್ಡು ಬಿಟ್ಟ ಬಿಸಿಗಾಳಿ ಹೊರಗೆ ಹೋಗಲಾರದೆ ಸುತ್ತಿಬಂದು, ಅದೇ ಗಾಳಿಯನ್ನು ಫ್ಯಾನು ಮತ್ತೆ ಒಳಗೆಳೆಯುತ್ತಿತ್ತು. ನಾನು ಕೂರಿಸಿದ ಹೆಚ್ಚಿನ ಫ್ಯಾನು ಮಾಡಿದ್ದೂ ಅಷ್ಟೇ, ಬಿಸಿಗಾಳಿಯನ್ನು ಇನ್ನೂ ರಭಸದಿಂದ ಸುತ್ತಿಸಿದ್ದು. ಸಾಲದ್ದಕ್ಕೆ ಚಿಪ್ಪಿಗೆ ಇನ್ನೊಂದು ಸ್ವಭಾವವಿದೆ. ಬಿಸಿ ಏರಿದಂತೆ ಅದರ ಟ್ರಾನ್ಸಿಸ್ಟರುಗಳಲ್ಲಿ ವ್ಯರ್ಥವಾಗಿ ಸೋರುವ ವಿದ್ಯುತ್ತೂ ಏರುತ್ತದೆ, ಸೋರಿದ್ದು ಮತ್ತೆ ಬಿಸಿಯಾಗುತ್ತದೆ. ಕೆಲಸ ಅಷ್ಟೇ ಇದ್ದರೂ ಬೇಗೆ ಹೆಚ್ಚುತ್ತದೆ.

ಬಾಗಿಲು ಹಾಕಿಕೊಂಡು ಒಬ್ಬನೇ ಕುಳಿತು ಯೋಚಿಸುವುದನ್ನು ನಾನು ಬಹುಕಾಲದಿಂದ ಒಂದು ಸದ್ಗುಣವೆಂದು ಭಾವಿಸಿದ್ದೆ. ಯಾರಾದರೂ ಒರಟಾಗಿ ಮಾತಾಡಿದರೆ ಎದುರು ಮಾತಾಡದೆ ಒಳಗೆ ಹೋಗಿ ಅದನ್ನೇ ತಿರುವಿಹಾಕುತ್ತೇನೆ. ಅದು ಆತ್ಮಶೋಧನೆ ಎಂಬುದು ನನ್ನ ನಂಬಿಕೆಯಾಗಿತ್ತು. ಅದರಲ್ಲಿ ಎಷ್ಟು ಶೋಧನೆ, ಎಷ್ಟು ನನ್ನದೇ ಬಿಸಿಯುಸಿರನ್ನು ನಾನೇ ಎಳೆದುಕೊಳ್ಳುವುದು ಎಂದು ಆ ಗೂಡನ್ನು ನೋಡುತ್ತ ಕೇಳಿಕೊಂಡೆ. ಈ ಬರಹಕ್ಕೂ ಆ ಪ್ರಶ್ನೆ ಸಲ್ಲುತ್ತದೆ.

ಬಿಸಿಯೇ ದೋಷವಲ್ಲ ಎಂಬುದೂ ಆಗ ತಿಳಿಯಿತು. 1961ರಲ್ಲಿ ಐಬಿಎಂ ಸಂಸ್ಥೆಯ ಭೌತವಿಜ್ಞಾನಿ ರಾಲ್ಫ್ ಲ್ಯಾಂಡೌವರ್ ಒಂದು ತತ್ತ್ವವನ್ನು ಮುಂದಿಟ್ಟರು. ಯಂತ್ರವೊಂದು ತನ್ನ ನೆನಪಿನಿಂದ ಒಂದೇ ಒಂದು ಬಿಟ್ಟನ್ನು ಅಳಿಸಬೇಕಾದರೂ ಒಂದಿಷ್ಟು ಶಾಖವನ್ನು ಹೊರಗೆ ಬಿಡಲೇಬೇಕು. 2012ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಪ್ರಯೋಗದಿಂದ ಇದನ್ನು ತೋರಿಸಿಯೂ ಆಯಿತು. ನಮ್ಮ ಕಾರ್ಡು ಕಾರುವ ಬಿಸಿಯ ಮುಂದೆ ಅದು ಎಣಿಕೆಗೂ ಸಿಗದಷ್ಟು ಸಣ್ಣದು. ಆದರೂ ಆ ಮಾತು ನನಗೆ ಹಿಡಿಸಿತು, ಮರೆಯುವುದು ಕೂಡ ಪುಕ್ಕಟೆಯಲ್ಲ ಎನ್ನುತ್ತದೆ ಅದು. ದುಡಿಯುವ ಯಾವುದೂ ತಣ್ಣಗಿರಲಾರದು.

ಇಲ್ಲಿಗೆ ಮುಗಿದಿದ್ದರೆ ನನಗೊಂದು ಹಿತವಾದ ಪಾಠ ದಕ್ಕುತ್ತಿತ್ತು: ಬಿಸಿಗೆ ದಾರಿ ಕೊಡು, ಒಳಗೆ ಕೂಡಿಹಾಕಬೇಡ. ಮುಗಿಯಲು ಅವ್ವ ಬಿಡಲಿಲ್ಲ. ಗೂಡು ತೆಗೆದ ಮೇಲೆ ಕ್ಯಾಬಿನೆಟ್ಟಿನ ಬೆನ್ನು ನೇರವಾಗಿ ಅವಳ ಮಂಚದ ಕಡೆಗಿತ್ತು. ಏಪ್ರಿಲ್ಲಿನ ಒಂದು ರಾತ್ರಿ, ಪರದೆಯ ಮೇಲೆ 73 ಕಂಡು ನಾನು ಬೀಗುತ್ತಿರುವಾಗ, ಅವಳು ಕಾಲು ಮಡಿಚಿಕೊಂಡು, "ತಣ್ಣಗಾಯ್ತು ತಣ್ಣಗಾಯ್ತು ಅಂತೀಯಲ್ಲ, ಇಲ್ಲಿ ನನ್ ಪಾದಕ್ಕೆ ಕೆಂಡ ಇಟ್ಟಂಗದೆ" ಎಂದಳು.

ಕಾರ್ಡಿನ 120 ವಾಟ್ ಎಲ್ಲಿಗೂ ಮಾಯವಾಗಿರಲಿಲ್ಲ. ಕಾರ್ಡಿನಿಂದ ಇಳಿದು ಅವಳ ಪಾದ ಹತ್ತಿತ್ತು, ಅಷ್ಟೇ. ಮಾಗಿಯಲ್ಲಿ ಅವಳೇ ಬೇಡಿದ ಬಿಸಿ ಅದು, ಚೈತ್ರದಲ್ಲಿ ಕೆಂಡವಾಯಿತು. ಸ್ಟಾಕ್‌ಹೋಮಿನಲ್ಲಿ, ಡೆನ್ಮಾರ್ಕಿನ ಓಡೆನ್ಸ್ ನಗರದಲ್ಲಿ ದೊಡ್ಡ ಡೇಟಾ ಸೆಂಟರುಗಳ ಬಿಸಿಯನ್ನು ಕೊಳವೆಗಳಲ್ಲಿ ಹರಿಸಿ ಊರಿನ ಮನೆಗಳನ್ನು ಬೆಚ್ಚಗಿಡುತ್ತಾರೆ. ಅವ್ವ ಆ ಊರುಗಳವಳಾಗಿದ್ದರೆ ವರ್ಷದ ಬಹುಪಾಲು ನನ್ನನ್ನು ಹರಸುತ್ತಿದ್ದಳು. ತಂಪಾಯಿತು ಎಂದು ಒಬ್ಬರು ಹೇಳುವಾಗ ಬಿಸಿ ಯಾರ ಪಾಲಿಗೆ ಹೋಯಿತು ಎಂದು ಕೇಳಬೇಕೆಂಬುದು ಆ ರಾತ್ರಿಯವರೆಗೆ ನನಗೆ ತೋಚಿರಲಿಲ್ಲ.

ತೋಚಬೇಕಿತ್ತು, ಯಾಕೆಂದರೆ ಅಪ್ಪ ಲಾರಿ ಓಡಿಸುತ್ತಿದ್ದ. ತಾಳವಾಡಿಯ ಎಲೆಕೋಸು, ಆಲೂಗಡ್ಡೆಗಳನ್ನು ಇಳಿಸಿ, ಗೊಬ್ಬರದ ಮೂಟೆ ಹೇರಿಕೊಂಡು ಬಣ್ಣಾರಿಯಿಂದ ಮೇಲಕ್ಕೆ ಬರುತ್ತಿದ್ದ. ನಡುವೆ ರೇಡಿಯೇಟರು ಕುದಿದರೆ ಯಾವುದೋ ತಿರುವಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬೀಡಿ ಹಚ್ಚಿ ಕೂರುತ್ತಿದ್ದ. ಕುದಿಯುವಾಗ ಮುಚ್ಚಳ ತೆಗೆಯಬಾರದು ಎಂದು ನನಗೆ ಹೇಳಿಕೊಟ್ಟವನು ಅವನೇ. ಹಳೆಯ ಲಾರಿಗಳಲ್ಲಿ ಇಂಜಿನ್ನು ಕ್ಯಾಬಿನ್ನಿನ ಒಳಗೆ, ಚಾಲಕನ ಎಡಬದಿಗೇ ಇರುತ್ತಿತ್ತು. ಇಂಜಿನ್ ತಂಪಾಗಲು ಬಿಟ್ಟ ಬಿಸಿಯಲ್ಲಿ ಒಂದು ಪಾಲು ಅಪ್ಪನ ಎಡಗಾಲಿಗೆ ಬೀಳುತ್ತಿತ್ತು. ಆ ಕಾಲಿನ ಚರ್ಮ ಬಲಗಾಲಿಗಿಂತ ಕಪ್ಪಾಗಿ ಒರಟಾಗಿತ್ತು, ರಾತ್ರಿ ಅವ್ವ ಅದಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದಳು. ಘಟ್ಟದಲ್ಲಿ ಅಷ್ಟು ತಾಳ್ಮೆಯಿಂದ ಕಾಯುತ್ತಿದ್ದ ಮನುಷ್ಯ ಮನೆಗೆ ಬಂದರೆ ತಟ್ಟೆ ಎಸೆಯುತ್ತಿದ್ದ. ಅವನ ಹಾಗೆ ಆಗಬಾರದು ಎಂಬುದು ನನ್ನ ಬಾಲ್ಯದ ಒಂದೇ ಶಪಥ.

ಶಪಥ ಉಳಿಸಿಕೊಂಡೆನೆಂದೇ ತಿಳಿದಿದ್ದೆ. ಶಾಲೆಯಲ್ಲಿ ನನಗೆ ಸಿಟ್ಟೇ ಬರದ ಮೇಷ್ಟ್ರು ಎಂಬ ಹೆಸರಿದೆ. ಮನೆಯಲ್ಲೂ ನಾನು ತಟ್ಟೆ ಎಸೆದವನಲ್ಲ. ಅವ್ವನ ಪಾದದ ಪ್ರಸಂಗವಾದ ಮೇಲೆ ಒಂದು ದಿನ ಹೆಂಡತಿಯನ್ನು ಕೇಳಿದೆ, ನನ್ನ ಸಿಟ್ಟು ನಿನಗೆ ಗೊತ್ತಾಗುತ್ತದೆಯೇ ಎಂದು. ಅವಳು ಸೊಪ್ಪು ಬಿಡಿಸುತ್ತಲೇ, "ನೀವು ಬೈಕಿನ ಸ್ಟ್ಯಾಂಡ್ ಹಾಕೋ ಸದ್ದಲ್ಲೇ ಗೊತ್ತಾಯ್ತದೆ. ಆಮೇಲೆ ಊಟದವರೆಗೂ ಮಾತಿಲ್ಲ. ಆ ಹೊತ್ತು ನಾವೆಲ್ಲ ಮೆಲ್ಲಗೆ ಓಡಾಡ್ತೀವಿ" ಎಂದಳು. ದೂರುವ ದನಿಯಲ್ಲಿ ಹೇಳಲಿಲ್ಲ, ಹವಾಮಾನ ಹೇಳುವವರ ಹಾಗೆ ಹೇಳಿದಳು. ನನ್ನ ಶಾಲೆಯ ತಂಪಿನ ಬಿಸಿಗಾಳಿ ಇಷ್ಟು ವರ್ಷ ಯಾವ ಕಡೆಗೆ ಬೀಸುತ್ತಿತ್ತೆಂದು ಆಗ ತಿಳಿಯಿತು. ಅಪ್ಪನಿಗೂ ನನಗೂ ಇದ್ದ ವ್ಯತ್ಯಾಸ ಸದ್ದಿನದು ಮಾತ್ರವೇನೋ. ಹಾಗೆಂದರೆ ನನಗೆ ನಾನೇ ತೀರಾ ಕಠಿಣನಾದೆನೇ ಎಂದೂ ಅನ್ನಿಸುತ್ತದೆ, ಎಸೆದ ತಟ್ಟೆಗೂ ಆಡದ ಮಾತಿಗೂ ಅಂತರವಿಲ್ಲದೆ ಇಲ್ಲ. ಆದರೆ ಆ ಅಂತರ ಎಷ್ಟೆಂದು ಅಳೆಯಬೇಕಾದವಳು ಅವಳು, ನಾನಲ್ಲ.

ಕ್ಯಾಬಿನೆಟ್ಟನ್ನು ಈಗ ತೆಂಕಣ ಕಿಟಕಿಯ ಬಳಿಗೆ ಸರಿಸಿದ್ದೇನೆ. ಮುಂದಿನಿಂದ ಗಾಳಿ ಎಳೆದುಕೊಂಡು ಹಿಂದಿನಿಂದ ಹಿತ್ತಿಲಿಗೆ ಬಿಡುತ್ತದೆ, ಅಲ್ಲಿ ಒಂದು ನುಗ್ಗೆಮರವಿದೆ. ಧೂಳು ಹೆಚ್ಚು ಬೀಳುತ್ತದೆ, ತಿಂಗಳಿಗೊಮ್ಮೆ ಕುಂಚ ಹಿಡಿಯಬೇಕು. ಹಲಸಿನ ಗೂಡಿನಲ್ಲಿ ಅವ್ವ ಈರುಳ್ಳಿ ತುಂಬಿದ್ದಾಳೆ. ಮಾಗಿ ಬಂದರೆ ಕಂಪ್ಯೂಟರಿನ ಬೆನ್ನನ್ನು ಮತ್ತೆ ತನ್ನ ಮಂಚದ ಕಡೆ ತಿರುಗಿಸಬೇಕೆಂದು ಈಗಲೇ ಹೇಳಿಟ್ಟಿದ್ದಾಳೆ. ಬೆಕ್ಕು ಕಿಟಕಿಯ ಅಂಚಿನಲ್ಲಿ, ಬಿಸಿಗಾಳಿ ಹೊರಡುವ ಜಾಲರಿಗೆ ಬೆನ್ನು ಕೊಟ್ಟು ಮಲಗುತ್ತದೆ. ವಾರಕ್ಕೊಮ್ಮೆ ಅದರ ಕೂದಲನ್ನು ಜಾಲರಿಯಿಂದ ಬಿಡಿಸಿ ತೆಗೆಯುತ್ತೇನೆ.