ಯಾರಿಗೆ ಉತ್ತರ ಹೇಳಬೇಕು?

ಕೂಲಿಕಾರರ ನಡುವಿನಿಂದ ಎದ್ದುಬಂದ ನಾಯಕ ಸಂಸತ್ತಿನ ಮೆಟ್ಟಿಲು ಹತ್ತಿದ ಮೇಲೆ ಯಾರವನಾಗಿ ಉಳಿಯುತ್ತಾನೆ? ಹೆಗಲ ಮೇಲೆ ಹೊತ್ತು ಬೆಳೆಸಿದವರ ಕಡೆಯವನೋ, ಟಿಕೆಟ್ ಕೊಟ್ಟ ಪಕ್ಷದವನೋ? ಈ ಪ್ರಶ್ನೆ ಕಾಡಿದಾಗಲೆಲ್ಲ ನನಗೆ ಇಟಲಿಯ ಜುಸೆಪ್ಪೆ ದಿ ವಿತ್ತೋರಿಯೊ ನೆನಪಾಗುತ್ತಾರೆ.

ಅವರು ಹುಟ್ಟಿದ್ದು 1892ರಲ್ಲಿ, ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯದ ಚೆರಿನ್ಯೋಲಾದಲ್ಲಿ. ಊರಿನ ಸುತ್ತ ಕಣ್ಣು ಹಾಯುವಷ್ಟು ದೂರ ಗೋಧಿ ಹೊಲ. ಅದರ ಬಹುಪಾಲು ಕೆಲವೇ ಮನೆತನಗಳ ಕೈಯಲ್ಲಿ. ತಂದೆ ಬೇಗ ತೀರಿಕೊಂಡದ್ದರಿಂದ ಹುಡುಗ ಶಾಲೆ ಬಿಟ್ಟು ದಿನಗೂಲಿಗೆ ಇಳಿದ. ಆಮೇಲೆ ಕಲಿತದ್ದೆಲ್ಲ ಸ್ವಂತ ಓದಿನಿಂದ. 1904ರಲ್ಲಿ ಅದೇ ಊರಿನಲ್ಲಿ ಮುಷ್ಕರ ಹೂಡಿದ ಕೂಲಿಕಾರರ ಮೇಲೆ ಸೈನಿಕರು ಗುಂಡು ಹಾರಿಸಿದರು. ಇಪ್ಪತ್ತು ತುಂಬುವ ಮೊದಲೇ ಅವರು ಕಾರ್ಮಿಕ ಸಂಘದ ಹೊಣೆ ಹೊತ್ತಿದ್ದರು. 1921ರಲ್ಲಿ ಸಂಸತ್ತಿಗೆ ಆಯ್ಕೆಯಾದಾಗ ಅವರಿದ್ದದ್ದು ಜೈಲಿನಲ್ಲಿ.

ಅದಕ್ಕೂ ಮುಂಚಿನ ಒಂದು ಸಂಗತಿ ನನಗೆ ಮುಖ್ಯವೆನಿಸುತ್ತದೆ. 1920ರ ಕ್ರಿಸ್‌ಮಸ್‌ಗೆ ಊರಿನ ದೊಡ್ಡ ಜಮೀನುದಾರ ಪಾವೊಂಚೆಲ್ಲಿ ಮನೆತನದ ವ್ಯವಸ್ಥಾಪಕರಿಂದ ಅವರಿಗೆ ಹಬ್ಬದ ಕಾಣಿಕೆ ಬಂತು. ದಿ ವಿತ್ತೋರಿಯೊ ಸೌಜನ್ಯದಿಂದಲೇ ಕಾಗದ ಬರೆದು ಅದನ್ನು ಹಿಂದಿರುಗಿಸಿದರು. ಕೊಟ್ಟವರ ಉದ್ದೇಶವನ್ನು ಅವರು ಶಂಕಿಸಲಿಲ್ಲ. ತನ್ನ ಪ್ರಾಮಾಣಿಕತೆ ತನಗೆ ಗೊತ್ತಿದ್ದರೆ ಸಾಲದು, ನಂಬಿ ಹಿಂದೆ ಬಂದವರಿಗೂ ಅದು ನಿಚ್ಚಳವಾಗಿ ಕಾಣಬೇಕು ಎಂಬುದು ಅವರ ನಿಲುವಾಗಿತ್ತು. ಸಾರ್ವಜನಿಕ ಜೀವನದಲ್ಲಿ ಅಂತಃಸಾಕ್ಷಿಯೊಂದೇ ಸಾಕ್ಷಿಯಾಗದು ಎಂಬ ಅರಿವು ಇದು. ನನ್ನ ಮಟ್ಟಿಗೆ ಅವರ ರಾಜಕೀಯದ ತಳಪಾಯ ಇರುವುದು ಇಲ್ಲಿ.

ಫ್ಯಾಸಿಸ್ಟರ ಕಾಲದಲ್ಲಿ ಅವರು ದೇಶ ಬಿಟ್ಟು ಫ್ರಾನ್ಸಿನಲ್ಲಿದ್ದರು, ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪರ ಹೋರಾಡಿದರು, ಕೊನೆಗೆ ವೆಂತೊತೇನೆ ದ್ವೀಪದಲ್ಲಿ ಬಂಧಿಯಾಗಿ 1943ರಲ್ಲಿ ಬಿಡುಗಡೆ ಹೊಂದಿದರು. ಮರುವರ್ಷ ಕಮ್ಯುನಿಸ್ಟ್, ಸಮಾಜವಾದಿ, ಕ್ಯಾಥೊಲಿಕ್ ಕಾರ್ಮಿಕ ನಾಯಕರು ರೋಮ್ ಒಪ್ಪಂದದ ಮೂಲಕ ಸಿಜಿಐಎಲ್ ಎಂಬ ಒಂದೇ ಮಹಾಸಂಘ ಕಟ್ಟಿದಾಗ ಅವರು ಅದರ ಮುಂಚೂಣಿಯಲ್ಲಿದ್ದರು. ಸಂವಿಧಾನ ರಚನಾ ಸಭೆಯಲ್ಲಿ ಕುಳಿತು ಸಂಘಟನೆಯ ಹಕ್ಕಿಗಾಗಿ ದುಡಿದರು. ಮುಷ್ಕರದ ಹಕ್ಕು ಇಟಲಿಯ ಸಂವಿಧಾನದ 40ನೇ ವಿಧಿಯಾಗಿ ನಿಂತಿತು. ಹಿಂದೆ ಮುಷ್ಕರಕ್ಕೆ ಗುಂಡೇಟಿನ ಉತ್ತರ ಕಂಡಿದ್ದ ಊರಿನ ಮಗ ಅದೇ ಮುಷ್ಕರವನ್ನು ಹಕ್ಕೆಂದು ಬರೆಸುವ ಸಭೆಯಲ್ಲಿದ್ದ. ಕಾರ್ಮಿಕ ನಾಯಕ ರಾಜಕಾರಣಕ್ಕೆ ಯಾಕೆ ಹೋಗಬೇಕು ಎಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಬೀದಿಯಲ್ಲಿ ಗೆದ್ದದ್ದು ಕಾನೂನಾಗದಿದ್ದರೆ ಮತ್ತೆ ಬೀದಿಯಲ್ಲೇ ಸೋರಿಹೋಗುತ್ತದೆ.

ಆದರೆ ಸೋಲು ಬಂದಾಗ? 1955ರಲ್ಲಿ ತೂರಿನ್‌ನ ಫಿಯಟ್ ಕಾರ್ಖಾನೆಯ ಒಳಸಮಿತಿ ಚುನಾವಣೆಯಲ್ಲಿ ಸಿಜಿಐಎಲ್‌ನ ಲೋಹ ಕಾರ್ಮಿಕರ ಸಂಘ ಬಹುಮತ ಕಳೆದುಕೊಂಡಿತು. ಮಾಲೀಕರ ಒತ್ತಡ, ಕಾರ್ಯಕರ್ತರ ವಜಾ ಎಲ್ಲವೂ ನಿಜವೇ. ದೂರಲು ಕಾರಣ ಕೈಯಲ್ಲೇ ಇತ್ತು. ದಿ ವಿತ್ತೋರಿಯೊ ತಮ್ಮವರನ್ನೇ ಪ್ರಶ್ನಿಸಿದರು: ಕಾರ್ಖಾನೆ ಬದಲಾಗಿದೆ, ಅದನ್ನು ನಾವು ಅರಿತಿಲ್ಲ, ನಮ್ಮ ಪಾಲಿನ ತಪ್ಪು ಎಷ್ಟೇ ಸಣ್ಣದಿದ್ದರೂ ತಿದ್ದಲು ಸಾಧ್ಯವಿರುವುದು ಅದನ್ನೇ.

ಮರುವರ್ಷದ ಪರೀಕ್ಷೆ ಇನ್ನೂ ಕಠಿಣ. 1956ರ ಅಕ್ಟೋಬರ್‌ನಲ್ಲಿ ಹಂಗೇರಿಯ ಜನರ ದಂಗೆಯ ಮೇಲೆ ಸೋವಿಯತ್ ಸೇನೆ ಬಂತು. ದಿ ವಿತ್ತೋರಿಯೊ ಇದ್ದ ಇಟಲಿಯ ಕಮ್ಯುನಿಸ್ಟ್ ಪಕ್ಷ ಮಾಸ್ಕೋದ ಪರ ನಿಂತಿತು. ಸಿಜಿಐಎಲ್ ಮಾತ್ರ ಅಕ್ಟೋಬರ್ 27ರ ಹೇಳಿಕೆಯಲ್ಲಿ ಪರದೇಶದ ಸೇನೆಯ ಪ್ರವೇಶಕ್ಕೆ ವಿಷಾದಿಸಿ, ಜನರಿಂದ ದೂರವಾದ ಆಡಳಿತವನ್ನು ಖಂಡಿಸಿತು. ಪಕ್ಷದ ನಾಯಕ ತೊಲ್ಯಾತ್ತಿಗೆ ಇದು ಸಹಿಸಲಾಗಲಿಲ್ಲ. ಒತ್ತಡ ಹೆಚ್ಚಿದಾಗ ದಿ ವಿತ್ತೋರಿಯೊ ಭಾಷಣವೊಂದರಲ್ಲಿ ದನಿ ತಗ್ಗಿಸಿದರು. ಇದನ್ನು ಮುಚ್ಚಿಡಬಾರದು. ಪಕ್ಷಕ್ಕೆ ಅರ್ಧ ಆಯುಸ್ಸು ಕೊಟ್ಟವರಿಗೆ ಅದರ ಬಾಗಿಲು ದಾಟುವುದು ಸುಲಭವಲ್ಲ. ಆದರೂ ಕಾರ್ಮಿಕರ ಮೇಲೆ ಟ್ಯಾಂಕ್ ಹರಿದರೆ, ಆ ಟ್ಯಾಂಕಿನ ಬಾವುಟ ಯಾವುದೆಂದು ನೋಡಿ ಮಾತಾಡಬಾರದು ಎಂಬುದನ್ನು ಅವರ ಸಂಘ ಅಂದು ದಾಖಲಿಸಿಟ್ಟಿತು.

ಮುಂದಿನ ವರ್ಷ, 1957ರ ನವೆಂಬರ್ 3ರಂದು, ಉತ್ತರದ ಲೆಕ್ಕೊದಲ್ಲಿ ಕಾರ್ಯಕರ್ತರ ಭೇಟಿಗೆಂದು ಹೋಗಿದ್ದಾಗ ಅವರು ತೀರಿಕೊಂಡರು. ಕಾರ್ಖಾನೆಯ ಒಳಗೂ ಸಂವಿಧಾನ ನಡೆಯಬೇಕು ಎಂದು 1952ರಲ್ಲಿ ಅವರು ಮುಂದಿಟ್ಟ ಕಾರ್ಮಿಕ ಹಕ್ಕುಗಳ ಶಾಸನ 1970ರಲ್ಲಿ ಕಾನೂನಾಯಿತು.

ನಾಯಕನನ್ನು ಅಳೆಯುವಾಗ ಅವನು ಏರಿದ ಹುದ್ದೆಗಳನ್ನು ಎಣಿಸುವುದು ಬೇಡ. ಕಾಣಿಕೆ ಬಂದಾಗ, ಸೋತಾಗ, ಸ್ವಂತ ಪಕ್ಷವೇ ತಪ್ಪು ದಾರಿ ಹಿಡಿದಾಗ ಅವನು ಯಾರಿಗೆ ಉತ್ತರ ಹೇಳಿದ ಎಂದು ಕೇಳೋಣ. ಮತ ಕೇಳಲು ಬರುವವರ ಮುಂದೆಯೂ ಇದೇ ಪ್ರಶ್ನೆ ಇಡೋಣ.