ಇಂದಿನ ಧಮ್ಮ ಚಿಂತನೆ: "ಬಿಡು ಗುರು" ಅಂದದ್ದು ದಾನವೇ?



ಪಂಚಶೀಲದ ಎರಡನೆಯ ಶೀಲವನ್ನು ನಾವು ಪ್ರತಿ ಭಾನುವಾರ ಒಟ್ಟಿಗೆ ಹೇಳುತ್ತೇವೆ. ಕನ್ನಡದಲ್ಲಿ ಅದನ್ನು 'ಕಳ್ಳತನ ಮಾಡುವುದಿಲ್ಲ' ಎಂದು ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಆದರೆ ಪಾಲಿಯ 'ಅದಿನ್ನಾದಾನ' ಎಂದರೆ 'ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದು'. ಈ ಎರಡಕ್ಕೂ ಎಷ್ಟು ವ್ಯತ್ಯಾಸ ಇದೆ ಎಂದು ನನಗೆ ಕಲಿಸಿದ್ದು ಒಂದು ಕಾರಿನ ಬಂಪರ್.

ತಾಯಿಯ ಕಣ್ಣಿನ ತಪಾಸಣೆಗೆಂದು ಜಯನಗರಕ್ಕೆ ಹೋಗಲು ಗೆಳೆಯನ ಕಾರು ಕೇಳಿ ಪಡೆದಿದ್ದೆ. ವಾಪಸ್ ಬರುವಾಗ ಬನಶಂಕರಿಯ ಒಂದು ಇಕ್ಕಟ್ಟಾದ ಕ್ರಾಸಿನಲ್ಲಿ ಎದುರಿಗೆ ನೀರಿನ ಟ್ಯಾಂಕರ್ ಬಂತು. ದಾರಿ ಬಿಡಲು ರಿವರ್ಸ್ ತೆಗೆದೆ. ಕರೆಂಟ್ ಕಂಬ ಕಾಣಲಿಲ್ಲ. ಹಿಂದಿನ ಬಂಪರ್ ಸೀಳಿತು, ಎಡಗಡೆಯ ಬಾಗಿಲು ನೆಗ್ಗಿತು. ಯಾರಿಗೂ ಏಟಾಗಲಿಲ್ಲ.

ಗೆಳೆಯ ನೋಡಿದ. ಒಂದು ಕ್ಷಣ ಸುಮ್ಮನಿದ್ದ. ಆಮೇಲೆ "ಬಿಡು ಗುರು, ಅಮ್ಮ ಚೆನ್ನಾಗಿದ್ದಾರಲ್ಲ. ನಮ್ಮ ನಮ್ಮಲ್ಲಿ ಏನು ಲೆಕ್ಕ?" ಅಂದ. ನನಗೆ ಹಗುರವಾಯಿತು. ಎಂಥ ಗೆಳೆಯ ಎಂದುಕೊಂಡು ಮನೆಗೆ ಬಂದೆ.

ಎರಡು ವಾರದ ನಂತರ ಅಧ್ಯಯನ ವೃತ್ತಕ್ಕೆ ಅವನು ಬಸ್ಸಿನಲ್ಲಿ ಬಂದ. ಕಾರು ಎಲ್ಲಿ ಎಂದು ಕೇಳಿದರೆ "ಗ್ಯಾರೇಜಿನಲ್ಲಿದೆ, ಸಂಬಳ ಬರಲಿ, ಬಿಡಿಸಿಕೊಂಡು ಬರ್ತೀನಿ" ಅಂದ. ಅವರ ಮನೆತನದಲ್ಲಿ ಕಾರು ಕೊಂಡ ಮೊದಲನೆಯವನು ಅವನು. ಇನ್ನೂ ಕಂತು ಕಟ್ಟುತ್ತಿದ್ದಾನೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ "ಬಿಡು"ವಿನ ಹಿಂದೆ ಅಡಗಿ ಕೂತಿದ್ದೆ.

ಆ ರಾತ್ರಿ ನನ್ನನ್ನೇ ಕೇಳಿಕೊಂಡೆ. ಅವನು ಕೊಟ್ಟನೋ, ನಾನು ತೆಗೆದುಕೊಂಡೆನೋ? ಅಮ್ಮನ ಎದುರಿಗೆ ಅವನು ಬೇರೇನು ಹೇಳಲು ಸಾಧ್ಯವಿತ್ತು? ಖರ್ಚು ಎಷ್ಟೆಂದೇ ಗೊತ್ತಿಲ್ಲದಾಗ ಸಂಕೋಚದಿಂದ ಬಂದ ಮಾತು ಅದು. ತಿಳಿದು, ತೂಗಿ, ಮನಸಾರೆ ಕೊಟ್ಟರೆ ದಾನ. ಬಾಯಿ ಕಟ್ಟಿದ್ದರಿಂದ ಬಿಟ್ಟದ್ದು ದಾನವಲ್ಲ. ಅದನ್ನು ಇಟ್ಟುಕೊಂಡರೆ ನಾನು ತೆಗೆದುಕೊಂಡದ್ದು ಕೊಡದೇ ಇದ್ದುದನ್ನೇ.

ಮನಸ್ಸು ಮತ್ತೊಂದು ದಾರಿ ಹುಡುಕಿತು: "ಇನ್ಶೂರೆನ್ಸ್ ಇದೆಯಲ್ಲ, ಅದು ಕೊಡುತ್ತೆ." ಲೆಕ್ಕ ಹಾಕಿ ನೋಡಿದೆ. ನಾನು ಮಾಡಿದ ಹಾನಿ 14,000 ರೂಪಾಯಿ. ಅದರಲ್ಲಿ ಬಂಪರ್ 5,000. ಪ್ಲಾಸ್ಟಿಕ್ ಭಾಗಕ್ಕೆ ಸವಕಳಿ ಎಂದು ಅರ್ಧ ಕಡಿತ, 2,500 ಹೋಯಿತು. ಪ್ರತಿ ಕ್ಲೈಮಿಗೂ ಮಾಲೀಕ ಕಡ್ಡಾಯವಾಗಿ ಕಟ್ಟಬೇಕಾದ್ದು 1,000. ಅವನು ನಾಲ್ಕು ವರ್ಷದಿಂದ ಕ್ಲೈಮ್ ಮಾಡಿರಲಿಲ್ಲ. ಈ ವರ್ಷವೂ ಮಾಡದಿದ್ದರೆ ಕಾರಿನ ಹಾನಿಗೆಂದು ಕಟ್ಟುವ ಪ್ರೀಮಿಯಂನಲ್ಲಿ ಶೇ. 50ರಷ್ಟು ನೋ ಕ್ಲೈಮ್ ಬೋನಸ್ ಸಿಗಬೇಕಿತ್ತು. ಅವನ ಪ್ರೀಮಿಯಂ 10,000, ಅಂದರೆ ಇನ್ನೊಂದು 5,000 ನಷ್ಟ. ಒಟ್ಟು 8,500 ಅವನ ಜೇಬಿನಿಂದಲೇ. ಮುಂದೆ ಬೋನಸ್ ಮತ್ತೆ ಶೇ. 20ರಿಂದ ಶುರು. 'ಕಂಪನಿ ಕೊಡುತ್ತೆ' ಎಂಬ ಮಾತಿನ ಒಳಗೆ 'ಗೆಳೆಯ ಕೊಡುತ್ತಾನೆ' ಎಂಬುದು ಅಡಗಿತ್ತು.

ಸರಿ, ಹೋಗಿ ಮಾತಾಡಬೇಕು. ಆದರೆ ದುಡ್ಡಿನ ವಿಷಯ ಎತ್ತಿದರೆ ಸ್ನೇಹ ಕೆಡುತ್ತದೆ ಎಂಬ ಭಯ. ಆಗ ನೆನಪಾದದ್ದು ಬಾಬಾಸಾಹೇಬರ ಚಾಳೀಸಗಾಂವ್ ಘಟನೆ. 1929ರಲ್ಲಿ ಅಲ್ಲಿನ ನಮ್ಮ ಜನ ಅವರನ್ನು ತಮ್ಮ ಕೇರಿಗೆ ಕರೆದೊಯ್ಯಲು ಟಾಂಗಾ ಹುಡುಕಿದರು. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಲು ಟಾಂಗಾದವರು ಒಪ್ಪಲಿಲ್ಲ. ಕೊನೆಗೆ ಗಾಡಿಯನ್ನು ಮಾತ್ರ ಬಾಡಿಗೆಗೆ ಪಡೆದು, ಓಡಿಸಿ ಅಭ್ಯಾಸವಿಲ್ಲದ ನಮ್ಮವನೇ ಲಗಾಮು ಹಿಡಿದ. ಸೇತುವೆಯ ಮೇಲೆ ಅಪಘಾತವಾಗಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದರು, ಕಾಲು ಮುರಿಯಿತು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರು ಇದನ್ನು ಬರೆದಿದ್ದಾರೆ. ತಮ್ಮ ಗೌರವ ಉಳಿಸಲೆಂದೇ ಆ ಜನ ಹಾಗೆ ಮಾಡಿದರು ಎಂಬುದನ್ನೂ ಹೇಳುತ್ತಾರೆ, ಕೂತವನ ಸುರಕ್ಷತೆಯನ್ನು ಅವರು ಮರೆತರು ಎಂಬುದನ್ನೂ ಹೇಳುತ್ತಾರೆ. ಪ್ರೀತಿ ಇದೆ ಎಂದು ತಪ್ಪನ್ನು ಮುಚ್ಚಲಿಲ್ಲ. ತಪ್ಪಾಯಿತೆಂದು ಪ್ರೀತಿಯನ್ನು ಅಲ್ಲಗಳೆಯಲಿಲ್ಲ.

ಮರುದಿನ ಗೆಳೆಯನ ಜೊತೆ ಗ್ಯಾರೇಜಿಗೆ ಹೋದೆ. "ತಪ್ಪು ನನ್ನದು, ಖರ್ಚೂ ನನ್ನದು. ಒಂದೇ ಸಲ ಆಗಲ್ಲ, ಎರಡು ತಿಂಗಳಲ್ಲಿ ಕೊಡ್ತೀನಿ" ಅಂದೆ. ಎಸ್ಟಿಮೇಟ್ 17,000 ಇತ್ತು. ಅವನು ಚೀಟಿ ನೋಡಿ ಹೇಳಿದ: "ಮುಂದಿನ ಬಂಪರ್‌ದು ಹಳೇ ಬಿರುಕು, ಅದು ನಾನೇ ಮಾಡಿದ್ದು. ಆ 3,000 ನಿಂದಲ್ಲ." ಅವನು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆ ಬೆಳಿಗ್ಗೆ ಎರಡನೆಯ ಶೀಲವನ್ನು ಇಬ್ಬರೂ ಪಾಲಿಸಿದೆವು.

ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗೆಳೆಯರೊಂದಿಗೆ ನಡೆದುಕೊಳ್ಳುವ ಐದು ರೀತಿ ಹೇಳುತ್ತಾರೆ: ದಾನ, ಪ್ರಿಯವಾದ ಮಾತು, ಹಿತವನ್ನು ಮಾಡುವುದು, ಸಮಾನವಾಗಿ ಕಾಣುವುದು, ವಂಚಿಸದಿರುವುದು. ನಾವು ಮೊದಲನೆಯದನ್ನು ಹಿಡಿದು ಕೊನೆಯ ಎರಡನ್ನು ಮರೆಯುತ್ತೇವೆ. ಒಬ್ಬ ಸದಾ ಬಿಟ್ಟುಕೊಟ್ಟು ಇನ್ನೊಬ್ಬ ಸದಾ ಉಳಿಸಿಕೊಂಡರೆ ಅಲ್ಲಿ ಸಮಾನತೆ ಇರುವುದಿಲ್ಲ.

ಅನಾಥಪಿಂಡಿಕನಿಗೆ ಬುದ್ಧರು ಹೇಳಿದ ಗೃಹಸ್ಥನ ನಾಲ್ಕು ಸುಖಗಳಲ್ಲಿ ಒಂದು 'ಅನಣ ಸುಖ', ಋಣವಿಲ್ಲದ ಸುಖ. ಇದರ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸಣ್ಣ ಸಾಲಕ್ಕೆ ತಲೆಮಾರುಗಟ್ಟಲೆ ಜೀತಕ್ಕಿದ್ದ ಸಮುದಾಯಗಳಿಂದ ಬಂದವರು ನಾವು. 1976ರ ಕಾಯ್ದೆಯಲ್ಲಿ ಜೀತ ರದ್ದಾಯಿತು. ಆಗ ಸಾಲದ ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿತ್ತು, ನಮ್ಮವರು ಅದನ್ನು ನೋಡುವಂತಿರಲಿಲ್ಲ. ಈಗ ಇಬ್ಬರು ಸಮಾನರು ಒಂದೇ ಚೀಟಿಯನ್ನು ಒಟ್ಟಿಗೆ ಓದಬಹುದು. ಇದು ಸಣ್ಣ ಸಂಗತಿಯಲ್ಲ.

ಎರಡನೆಯ ಕಂತು ಕೊಟ್ಟ ದಿನ ಅವನೇ ಟೀ ಕುಡಿಸಿದ. ಆ ಟೀ ದಾನ. ಸಂತೋಷದಿಂದ ಸ್ವೀಕರಿಸಿದೆ.

ಇಂದಿನ ಅಭ್ಯಾಸ: ಯಾರಾದರೂ ನಮಗೆ "ಪರವಾಗಿಲ್ಲ, ಬಿಡು" ಎಂದ ಒಂದು ಸಂದರ್ಭ ನೆನಪಿಸಿಕೊಳ್ಳೋಣ. ಅವರು ನಿಜಕ್ಕೂ ಕೊಟ್ಟರೇ, ಅಥವಾ ಕೇಳಲಾರದೆ ಸುಮ್ಮನಾದರೇ? ಎರಡನೆಯದಾದರೆ, ಅವರು ಕೇಳುವ ಮೊದಲೇ ನಾವು ಫೋನ್ ಮಾಡೋಣ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್. 🙏